ಬಾಂದಿಗೆ ಮಣ್ಣು ಹಾಕುವವರು ಯಾರು? ಗೋವಾದ ಖಾಜನ ಗದ್ದೆಗಳ ಹಿಂದಿನ ಕಥೆ

ಮಂಗಳೂರು ಕಡೆಯಿಂದ ಮುಂಬೈಗೆ ಹೋಗುವ ರೈಲು ಮಡಗಾಂವ ಬಿಟ್ಟು, ಜುವಾರಿ ಹೊಳೆ ದಾಟಿದ ಮೇಲೆ ಕರ್ಮಳಿ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ಹಳೇ ಗೋವಾದ ಚರ್ಚುಗಳಿಗೆ ಹೋಗುವವರು ಅಲ್ಲಿ ಇಳಿಯುತ್ತಾರೆ. ಇಳಿಯದವರು ಹೊರಗೆ ನೋಡಿದರೆ ಬಯಲು, ನೀರು, ಬಿಳಿ ಕೊಕ್ಕರೆ, ದೂರದಲ್ಲಿ ತೆಂಗಿನ ಸಾಲು. ಗೋವಾ ಎಂದರೆ ಮರಳ ದಂಡೆ ಎಂದುಕೊಂಡವರಿಗೆ ಇದು ಗೋವಾ ಎಂದು ಅನಿಸುವುದೇ ಇಲ್ಲ. ಆದರೆ ಆ ರಾಜ್ಯದ ಊರು, ಜಾತಿ, ಚರ್ಚು, ದೇವಸ್ಥಾನ, ಕೋರ್ಟು ಕಚೇರಿಗಳ ಜಗಳ ಎಲ್ಲ ಹುಟ್ಟಿದ್ದು ಇಂಥ ಬಯಲುಗಳಲ್ಲಿ. ಹೊಳೆಯ ಪಕ್ಕದ ಗದ್ದೆಯನ್ನು ಗಮನವಿಟ್ಟು ನೋಡಿ: ಹೊಳೆ ಮೇಲಿದೆ, ಗದ್ದೆ ಕೆಳಗಿದೆ. ನಡುವೆ ಒಂದು ಮಣ್ಣಿನ ದಿಬ್ಬ. ಆ ದಿಬ್ಬಕ್ಕೆ ಕೊಂಕಣಿಯಲ್ಲಿ ಬಾಂದ್ ಎನ್ನುತ್ತಾರೆ, ಗದ್ದೆಗೆ ಖಾಜನ.

ಖಾಜನ ಎಂದರೆ ಸಮುದ್ರದಿಂದ ಕಸಿದುಕೊಂಡ ನೆಲ. ಗೋವಾದ ಹೊಳೆಗಳೆಲ್ಲ ಮೋಟು; ಘಟ್ಟದಿಂದ ಇಳಿದು ಬಯಲಿಗೆ ಬಂದ ಕೂಡಲೇ ಅಗಲವಾಗಿ ಮಲಗಿಬಿಡುತ್ತವೆ. ಭರತದ, ಅಂದರೆ ಕಡಲು ಉಬ್ಬುವ, ಹೊತ್ತಿಗೆ ಉಪ್ಪುನೀರು ಹತ್ತಾರು ಕಿಲೋಮೀಟರ್ ಒಳಗೆ ನುಗ್ಗುತ್ತದೆ. ಹೊಳೆಯಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದು, ಜೇಡಿ, ಹುಲ್ಲು, ಚಿರೆಕಲ್ಲು ಸೇರಿಸಿ ಬಾಂದ್ ಎಬ್ಬಿಸಿದರೆ ಒಳಗಿನ ಕೆಸರು ಗದ್ದೆಯಾಗುತ್ತದೆ. ಇಂಥ ನೆಲ ಗೋವಾದಲ್ಲಿ ಸುಮಾರು 18,000 ಹೆಕ್ಟೇರ್ ಇದೆ ಎಂಬುದು ಎಲ್ಲರೂ ಹೇಳುವ ಲೆಕ್ಕ. ಇಡೀ ರಾಜ್ಯವೇ 3,702 ಚದರ ಕಿಲೋಮೀಟರ್ ಎಂಬುದು ನೆನಪಿದ್ದರೆ ಆ ಲೆಕ್ಕದ ತೂಕ ಗೊತ್ತಾಗುತ್ತದೆ.

ಬಾಂದಿನ ಹೊಟ್ಟೆಯಲ್ಲಿ ಒಂದು ಬಾಗಿಲಿರುತ್ತದೆ. ಅದು ಮಾನಸ್. ಕಲ್ಲಿನ ಚೌಕಟ್ಟು, ಅದಕ್ಕೆ ಹೊಳೆಯ ಕಡೆಗೆ ಮಾತ್ರ ತೆರೆದುಕೊಳ್ಳುವ ಮರದ ಹಲಗೆಗಳು. ಭರತ ಏರಿದಾಗ ಹೊಳೆಯ ನೀರೇ ಹಲಗೆಯನ್ನು ಒತ್ತಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರಿನ ಭಾರಕ್ಕೆ ತಾನೇ ತೆರೆದುಕೊಳ್ಳುತ್ತದೆ. ಮೋಟಾರು ಬೇಡ, ಕಾವಲುಗಾರ ಬೇಕು. ಒಳಗೆ ಪೊಂಯ್ ಎಂಬ ತಗ್ಗಿನ ಕೊಳ. ಮಳೆಗಾಲದ ಹೆಚ್ಚುವರಿ ನೀರು ಅಲ್ಲಿ ತಂಗುತ್ತದೆ, ಮೀನು ಸಿಗಡಿ ಅಲ್ಲಿ ಬೆಳೆಯುತ್ತವೆ. ಜೂನಿನ ಮೊದಲ ಮಳೆಗಳು ನೆಲದ ಉಪ್ಪು ತೊಳೆಯುವವರೆಗೆ ಕಾದು, ಆಮೇಲೆ ಕೊರ್ಗುಟ್ ಬಿತ್ತುತ್ತಾರೆ. ಉಪ್ಪು ತಡೆದುಕೊಳ್ಳುವ ಹಳೆಯ ಭತ್ತ ಅದು. ಕೊಯ್ಲಾದ ಮೇಲೆ ಕೆಲವು ಕಡೆ ತರಕಾರಿ, ಕೆಲವು ಕಡೆ ಉಪ್ಪಿನ ಆಗರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಇಳಿತದ ಹೊತ್ತಿಗೆ ಮಾನಸಿನ ಬಾಯಿಗೆ ಬಲೆ ಕಟ್ಟಿದರೆ ಮೀನು ತಾನಾಗಿ ಬಂದು ಬೀಳುತ್ತದೆ. ಭತ್ತ, ಮೀನು, ಉಪ್ಪು ಮೂರೂ ಒಂದೇ ಬಾಗಿಲಿನ ಮರ್ಜಿಯಲ್ಲಿ.

ಇಷ್ಟೆಲ್ಲ ನಿಂತಿರುವುದು ಒಂದು ಏಡಿಯ ಬಿಲದ ಮೇಲೆ. ಉತ್ಪ್ರೇಕ್ಷೆಯಲ್ಲ. ಏಡಿ ಕೊರೆದ ತೂತಿನಲ್ಲಿ ನೀರು ಜಿನುಗಿ, ದೊಡ್ಡ ಭರತದ ಒಂದು ರಾತ್ರಿಯಲ್ಲಿ ಬಾಂದ್ ಒಡೆದರೆ ಇಡೀ ಬಯಲಿಗೆ ಉಪ್ಪು ನುಗ್ಗುತ್ತದೆ. ತನ್ನ ಗದ್ದೆಯ ಪಾಲಿನಷ್ಟು ಬಾಂದನ್ನು ಮಾತ್ರ ತಾನು ಕಾಯುತ್ತೇನೆ ಎಂದು ಯಾರೂ ಹೇಳುವ ಹಾಗಿಲ್ಲ. ಗೋವಾದ ಹಳ್ಳಿಗಳಲ್ಲಿ ಭೂಮಿ ಯಾಕೆ ಒಬ್ಬೊಬ್ಬರದಾಗದೆ ಊರಿನದಾಗಿ ಉಳಿಯಿತು ಎಂಬುದಕ್ಕೆ ವಿದ್ವಾಂಸರು ಹಲವು ಕಾರಣ ಕೊಡುತ್ತಾರೆ. ನನಗೆ ಏಡಿಯೇ ಸಾಕು.

ಪದ್ಧತಿ ಎಷ್ಟು ಹಳೆಯದು? ಫೋಂಡಾ ತಾಲೂಕಿನ ಬಾಂದೋಡೆಯಲ್ಲಿ ಸಿಕ್ಕ, ಕೊಂಕಣದ ಮೌರ್ಯ ದೊರೆ ಅನಿರ್ಜಿತವರ್ಮನ ತಾಮ್ರಶಾಸನದಲ್ಲಿ ಖಜ್ಜನ ಎಂಬ ಪದವೇ ಇದೆ. ಉಪ್ಪುನೀರು ಬಾರದಂತೆ ಕಟ್ಟೆ ಕಟ್ಟಿ ಗದ್ದೆ ಮಾಡಿಕೊಳ್ಳಲೆಂದು ಒಬ್ಬ ಬ್ರಾಹ್ಮಣನಿಗೆ ನೆಲ ಬಿಟ್ಟುಕೊಟ್ಟ ದಾಖಲೆ ಅದು. ಅಂದರೆ ಸುಮಾರು 1,400 ವರ್ಷಗಳ ಹಿಂದೆಯೇ ಈ ಕೆಲಸಕ್ಕೆ ಹೆಸರಿತ್ತು. ಆಮೇಲೆ ಬಂದ ಗೋವೆಯ ಕದಂಬರು ಚಂದ್ರಪುರದಿಂದ, ಗೋಪಕಪಟ್ಟಣದಿಂದ ಆಳಿದರು. ಅವರ ಶಾಸನಗಳಲ್ಲಿ ಕನ್ನಡವೂ ಇದೆ. ಅವರ ನೆನಪು ಇವತ್ತು ಹೆಚ್ಚಾಗಿ ಉಳಿದಿರುವುದು ಪಣಜಿಯ ಬಸ್ ನಿಲ್ದಾಣದಲ್ಲಿ: ಗೋವಾದ ಸರ್ಕಾರಿ ಬಸ್ಸಿನ ಹೆಸರು ಕದಂಬ.

ಬಾಂದ್ ಕಟ್ಟಿದ ಕುಟುಂಬಗಳವರು ಗಾಂವಕಾರರು. ಅವರ ಕೂಟ ಗಾಂವಕಾರಿ. ಊರಿನ ನೆಲ ಕೂಟದ್ದು. ಯಾವ ಗಾಂವಕಾರನೂ ಒಂದು ಗದ್ದೆ ತನ್ನದೆನ್ನುವಂತಿಲ್ಲ. ನಿಗದಿತ ಅವಧಿಗೆ ಗದ್ದೆಗಳನ್ನು ಹರಾಜು ಹಾಕಿ ಗೇಣಿಗೆ ಕೊಡುವುದು, ಬಂದ ಹಣದಲ್ಲಿ ಅರಸನ ತೆರಿಗೆ ಕಟ್ಟುವುದು, ಬಾಂದಿಗೆ ಮಣ್ಣು ಹಾಕಿಸುವುದು, ದೇವಸ್ಥಾನ ನಡೆಸುವುದು, ಕುಂಬಾರ, ಬಡಗಿ, ಅಗಸ ಮುಂತಾದವರಿಗೆ ಉಂಬಳಿ ಬಿಡುವುದು. ಇಷ್ಟೆಲ್ಲ ಆಗಿ ಉಳಿದದ್ದನ್ನು ವಾಂಗಡ ವಾಂಗಡವಾಗಿ, ಅಂದರೆ ಕುಲದ ಲೆಕ್ಕದಲ್ಲಿ, ಗಂಡಸರಿಗೆ ಹಂಚುತ್ತಿದ್ದರು. ಆ ಪಾಲಿನ ಹೆಸರು ಜೋಣ್.

ಇದನ್ನು ಹಳ್ಳಿಯ ಪ್ರಜಾಪ್ರಭುತ್ವ ಎಂದು ಹೊಗಳುವ ರೂಢಿ ಗೋವಾದಲ್ಲಿ ಇದೆ. ಹೊಗಳುವವರು ಬಹುಪಾಲು ಗಾಂವಕಾರರ ಮಕ್ಕಳು. ಹೆಂಗಸರಿಗೆ ಕೂಟದಲ್ಲಿ ಜಾಗವಿರಲಿಲ್ಲ. ಮೊಣಕಾಲುದ್ದ ಕೆಸರಿಗಿಳಿದು ಬಾಂದಿಗೆ ಮಣ್ಣು ಹೊತ್ತವರು ಬಹುತೇಕ ಕುಣಬಿ, ಗಾವಡಾ ಮುಂತಾದ ದುಡಿಯುವ ಜಾತಿಗಳವರು. ಅವರಿಗೆ ಕೂಲಿ ಸಿಕ್ಕಿತು, ಜೋಣ್ ಸಿಗಲಿಲ್ಲ. ಆದರೂ ಒಂದು ಮಾತು ಒಪ್ಪಬೇಕು: ಈ ಏರ್ಪಾಟಿನಲ್ಲಿ ಗದ್ದೆಯ ಫಲ ತಿನ್ನುವವನಿಗೂ ಬಾಂದ್ ಉಳಿಯುವುದಕ್ಕೂ ನೇರ ನಂಟಿತ್ತು. ಬಾಂದ್ ಒಡೆದರೆ ಆ ವರ್ಷ ಜೋಣ್ ಇಲ್ಲ. ಮುಂದಿನ ನಾಲ್ಕೂವರೆ ಶತಮಾನದಲ್ಲಿ ಒಂದೊಂದಾಗಿ ಹರಿದದ್ದು ಈ ನಂಟೇ.

1510ರಲ್ಲಿ ಅಫೋನ್ಸೊ ದ ಅಲ್ಬುಕರ್ಕ್ ಬಿಜಾಪುರದ ಆದಿಲಶಾಹಿಯಿಂದ ಗೋವಾ ಕಿತ್ತುಕೊಂಡ. ದಾರಿ ತೋರಿಸಿದವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ನಮ್ಮ ಕರಾವಳಿಯ ಈ ಪಾತ್ರವನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಹೊಸ ದೊರೆಗಳಿಗೆ ತೆರಿಗೆ ಬೇಕಿತ್ತು, ಆಳಲು ಜನ ಇರಲಿಲ್ಲ. ಹಾಗಾಗಿ 1526ರಲ್ಲಿ ಅಫೋನ್ಸೊ ಮೆಶಿಯ ಎಂಬ ಖಜಾನೆ ಅಧಿಕಾರಿ ತಿಸವಾಡಿ ದ್ವೀಪದ ಊರುಗಳ ರೂಢಿಗಳನ್ನೆಲ್ಲ ಬರೆಸಿದ. ಫೊರಾಲ್ ಎಂಬ ಆ ದಾಖಲೆಯಲ್ಲಿ, ಎಲ್ಲ ಗಾಂವಕಾರರ ಒಪ್ಪಿಗೆ ಇಲ್ಲದೆ ನೆಲ ಮಾರುವಂತಿಲ್ಲ ಎಂಬ ನಿಯಮ ಇದೆ. ಪ್ರಧಾನ ಊರುಗಳೆಂದು ಎಂಟರ ಹೆಸರಿದೆ. ಅದರಲ್ಲೊಂದು ನಮ್ಮ ರೈಲು ನಿಲ್ಲುವ ಕರ್ಮಳಿ.

ರೂಢಿಯನ್ನು ಬರೆದಿಡುವುದು ಉಪಕಾರದಂತೆ ಕಾಣುತ್ತದೆ. ಬರೆದವನ ಪೆಟ್ಟಿಗೆಯಲ್ಲಿ ಅದು ಉಳಿಯುತ್ತದೆ ಎಂಬುದು ಆಮೇಲೆ ತಿಳಿಯುತ್ತದೆ. 1540ರ ನಂತರ ದೇವಸ್ಥಾನಗಳನ್ನು ಕೆಡವಿದಾಗ ಅವುಗಳ ಉಂಬಳಿ ಎಲ್ಲಿದೆ, ಎಷ್ಟಿದೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. ಆ ನೆಲ ಚರ್ಚಿನ ಪಾಲಾಯಿತು. ಬಾರ್ದೇಸ, ಸಾಷ್ಟಿ ತಾಲೂಕುಗಳು 1543ರಲ್ಲಿ ಪೋರ್ಚುಗೀಸರ ಕೈ ಸೇರಿದವು. ಸಾಷ್ಟಿಯ ಕುಂಕಳ್ಳಿ ತಲೆಬಾಗಲಿಲ್ಲ. 1583ರ ಜುಲೈನಲ್ಲಿ ಊರಿನವರು ಐವರು ಜೆಸ್ವಿಟ್ ಪಾದ್ರಿಗಳನ್ನೂ ಜೊತೆಗಿದ್ದ ಕೆಲವರನ್ನೂ ಕೊಂದರು. ಪೋರ್ಚುಗೀಸರು ಸಂಧಾನದ ಮಾತಾಡೋಣ ಎಂದು ಅಲ್ಲಿಯ ಹದಿನಾರು ಮುಖಂಡ ಗಾಂವಕಾರರನ್ನು ಆಸೊಳ್ಣೆಯ ಕೋಟೆಗೆ ಕರೆಸಿ ಮುಗಿಸಿಹಾಕಿದರು. ಒಬ್ಬ ಮಾತ್ರ ತಪ್ಪಿಸಿಕೊಂಡನೆಂದು ಊರು ಹೇಳುತ್ತದೆ. ಕುಂಕಳ್ಳಿ, ಆಸೊಳ್ಣೆ, ವೆಳ್ಳಿ ಊರುಗಳ ನೆಲವನ್ನು ಕಸಿದು ಬೇರೆಯವರಿಗೆ ದಾನ ಕೊಟ್ಟರು. ಸತ್ತ ಪಾದ್ರಿಗಳು ಹುತಾತ್ಮರೋ, ಸತ್ತ ಗಾಂವಕಾರರು ಹುತಾತ್ಮರೋ ಎಂಬ ವಾದ ಈಗಲೂ ಚುನಾವಣೆ ಹೊತ್ತಿಗೆ ಜೀವ ಪಡೆಯುತ್ತದೆ. ನೆಲ ವಾಪಸು ಕೊಡಿ ಎಂಬ ಮಾತು ಅಷ್ಟು ಜೋರಾಗಿ ಕೇಳುವುದಿಲ್ಲ.

ಘಟ್ಟದ ಬುಡದ ತಾಲೂಕುಗಳು ಹದಿನೆಂಟನೇ ಶತಮಾನದಲ್ಲಿ ಪೋರ್ಚುಗೀಸರ ಕೈ ಸೇರಿದವು. ಫೋಂಡಾ, ಕಾಣಕೋಣ ಮೊದಲಾದವು ನಮ್ಮ ಶಿರಸಿ ಪಕ್ಕದ ಸೋದೆ ಅರಸರ ಕೈಯಲ್ಲಿದ್ದವು. ಹೈದರಾಲಿ ಏರಿ ಬಂದಾಗ ಸೋದೆಯ ದೊರೆ ಗೋವಾಕ್ಕೆ ಓಡಿ, ಬಾಂದೋಡೆಯಲ್ಲಿ ನೆಲೆಸಿ, ರಾಜ್ಯವನ್ನು ಬಿಟ್ಟುಕೊಟ್ಟ. ಅಷ್ಟರಲ್ಲಿ ಮತಾಂತರದ ಆವೇಶ ತಗ್ಗಿತ್ತು. ಅದಕ್ಕೇ ಫೋಂಡಾದಲ್ಲಿ ದೇವಸ್ಥಾನ, ಸಾಷ್ಟಿಯಲ್ಲಿ ಚರ್ಚು ಕಾಣುತ್ತದೆ.

ಗಾಂವಕಾರಿಗೆ ಪೋರ್ಚುಗೀಸರಿಟ್ಟ ಹೆಸರು ಕೊಮುನಿದಾದ್. ಹೆಸರಿನ ಜೊತೆ ಕಾನೂನುಗಳೂ ಬಂದವು: 1904ರಲ್ಲಿ ಒಂದು ಸಂಹಿತೆ, 1933ರಲ್ಲಿ ಮತ್ತೊಂದು, ಕೊನೆಯದು 1961ರ ಏಪ್ರಿಲ್ 15ರಂದು. ಆ ಕೊನೆಯ ಸಂಹಿತೆ ಬಂದ ಎಂಟೇ ತಿಂಗಳಿಗೆ, ಡಿಸೆಂಬರ್ 19ಕ್ಕೆ, ಪೋರ್ಚುಗೀಸರೇ ಹೊರಟುಹೋದರು. ಅವರ ಸಂಹಿತೆ ಹೋಗಲಿಲ್ಲ. ಇವತ್ತಿಗೂ ಗೋವಾದ 223 ಕೊಮುನಿದಾದ್‌ಗಳು ನಡೆಯುವುದು ಅದರ ಪ್ರಕಾರ, ಮಾಪ್ಸಾ, ಪಣಜಿ, ಮಡಗಾಂವಗಳಲ್ಲಿ ಕೂತ ಮೂವರು ಸರ್ಕಾರಿ ಆಡಳಿತಾಧಿಕಾರಿಗಳ ಕೈಕೆಳಗೆ. ಊರಿನ ಕೂಟ ಒಂದು ಕೆಲಸಕ್ಕೆ ಹಣ ಖರ್ಚು ಮಾಡಲು ಕಚೇರಿಯ ಮೊಹರು ಕಾಯಬೇಕಾದ ಪದ್ಧತಿ ಅಲ್ಲೇ ಶುರುವಾದದ್ದು. ಭರತಕ್ಕೆ ಮೊಹರಿನ ತಾಳ್ಮೆ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕೊಮುನಿದಾದಿಗೆ ಎರಡು ಪೆಟ್ಟು ಬಿತ್ತು, ಎರಡಕ್ಕೂ ಒಳ್ಳೆಯ ಕಾರಣಗಳೇ ಇದ್ದವು. 1962ರಲ್ಲಿ ಪಂಚಾಯ್ತಿ ಬಂತು. ಗಾಂವಕಾರ ಆಗಿರಲಿ ಬಿಡಲಿ, ಗಂಡು ಹೆಣ್ಣು ಎಲ್ಲರಿಗೂ ಮತ. ಊರಿನ ರಸ್ತೆ, ದೀಪ, ಪರವಾನಗಿ ಎಲ್ಲ ಅಲ್ಲಿಗೆ ಹೋಯಿತು. ಮರುವರ್ಷದ ಕೊನೆಗೆ ನಡೆದ ಮೊದಲ ಚುನಾವಣೆಯಲ್ಲಿ ಗೆದ್ದು ಮುಖ್ಯಮಂತ್ರಿಯಾದ ದಯಾನಂದ ಬಾಂದೋಡಕರ್ ಅವರ ಪಕ್ಷದ ಬೆನ್ನಿಗಿದ್ದವರು ಗೇಣಿದಾರರು, ಮುಂಡಕಾರರು, ಅಂದರೆ ಭಾಟಕಾರನ (ಭೂಮಾಲೀಕನ) ನೆಲದಲ್ಲಿ ಗುಡಿಸಲು ಕಟ್ಟಿಕೊಂಡು ಅವನ ಮರ್ಜಿಯಲ್ಲಿ ಬದುಕಿದವರು. ಗೋವಾವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂಬ ಆ ಪಕ್ಷದ ಗುರಿ 1967ರ ಜನವರಿ 16ರ ಜನಮತದಲ್ಲಿ 34,021 ಮತಗಳಿಂದ ಸೋತಿತು. ನೆಲದ ಗುರಿ ಸೋಲಲಿಲ್ಲ. 1964ರ ಗೇಣಿ ಕಾಯ್ದೆ, ಆಮೇಲೆ ಬಾಂದೋಡಕರರ ಮಗಳು ಶಶಿಕಲಾ ಕಾಕೋಡಕರ್ ಮುಖ್ಯಮಂತ್ರಿಯಾಗಿದ್ದಾಗ 1975ರ ಮುಂಡಕಾರ ಕಾಯ್ದೆ, 1976ರಲ್ಲಿ ಗೇಣಿ ಕಾಯ್ದೆಗೆ ಐದನೇ ತಿದ್ದುಪಡಿ: ಉಳುವವನೇ ಒಡೆಯ.

ನಮ್ಮಲ್ಲಿ ದೇವರಾಜ ಅರಸರ ಕಾಯ್ದೆ ಬಂದದ್ದು 1974ರಲ್ಲಿ. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಲ್ಲಿ ಅದು ತಂದ ಬದಲಾವಣೆ ಕಂಡವರಿಗೆ ಗೋವಾದ ಗೇಣಿದಾರನ ಸಂತೋಷ ವಿವರಿಸಬೇಕಿಲ್ಲ. ಆದರೆ ಗೋವಾದಲ್ಲಿ ಒಂದು ತೊಡಕಿತ್ತು. ಗದ್ದೆ ತುಂಡು ತುಂಡಾಗಿ ಗೇಣಿದಾರನ ಹೆಸರಿಗೆ ಆಯಿತು. ಬಾಂದನ್ನು ತುಂಡು ಮಾಡಲು ಬರುವುದಿಲ್ಲ. ಕೊಮುನಿದಾದಿಗೆ ಆ ಗದ್ದೆಗಳ ಆದಾಯ ಹೋಯಿತು, ಜೊತೆಗೆ ಬಾಂದಿನ ಆಸಕ್ತಿಯೂ. ಬಾಂದ್, ಮಾನಸು ನೋಡಿಕೊಳ್ಳಲು ಗೇಣಿದಾರರ ಸಂಘಗಳಾಗಬೇಕು ಎಂದು 1975ರಲ್ಲಿ ನಿಯಮ ಮಾಡಿದರು. ಸಂಘಗಳಾದವು. ಮಾನಸಿನ ಮೀನಿನ ಹಕ್ಕು ಹರಾಜು ಹಾಕಿ ಆ ಹಣದಲ್ಲಿ ಬಾಂದ್ ರಿಪೇರಿ ಮಾಡಬೇಕು ಎಂಬುದು ಲೆಕ್ಕ.

ಕಥೆ ತಿರುಗುವುದು ಈ ಹರಾಜಿನಲ್ಲಿ. ಭತ್ತದಲ್ಲಿ ಏನೂ ಗಿಟ್ಟುವುದಿಲ್ಲ, ಸಿಗಡಿಗೆ ಪ್ರವಾಸಿಗರ ಹೋಟೆಲಿನಲ್ಲಿ ಬಂಗಾರದ ಬೆಲೆ. ಹರಾಜು ಹಿಡಿದವನಿಗೆ ಒಳಗೆ ಉಪ್ಪುನೀರು ಹೆಚ್ಚು ಹೊತ್ತು ನಿಂತಷ್ಟೂ ಲಾಭ. ಭರತದಲ್ಲಿ ಮುಚ್ಚಬೇಕಾದ ಹಲಗೆ ತೆರೆದೇ ಇರುತ್ತದೆ. ಒಮ್ಮೊಮ್ಮೆ ಬಾಂದ್ ತಾನಾಗಿ ಒಡೆಯಿತೋ, ಯಾರಾದರೂ ಒಡೆದರೋ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ, ಕಾಗದದಲ್ಲಿ ಬರುವುದಿಲ್ಲ. ಎರಡು ವರ್ಷ ಉಪ್ಪು ನಿಂತ ಗದ್ದೆಯಲ್ಲಿ ಕಾಂಡ್ಲಾ ಚಿಗುರುತ್ತದೆ. ಕಾಂಡ್ಲಾ ಬೆಳೆದ ಮೇಲೆ ಅದನ್ನು ಕಡಿಯುವುದು ಅಪರಾಧ. ಒಂದೂವರೆ ಸಾವಿರ ವರ್ಷದ ಹಿಂದೆ ಕಾಡು ಕಡಿದು ಗದ್ದೆ ಮಾಡಿದವರ ಮೊಮ್ಮಕ್ಕಳು, ಪರಿಸರ ಕಾನೂನಿನ ಹೆಸರಿನಲ್ಲೇ, ಆ ಗದ್ದೆಗೆ ಕೈಹಾಕದಂತಾಗುತ್ತದೆ. ಚೊಡಣ ದ್ವೀಪದ ಪಕ್ಷಿಧಾಮದ ಸುತ್ತ ದೋಣಿಯಲ್ಲಿ ಹೋಗುವಾಗ ಹಸಿರು ಕಂಡು ಖುಷಿಯಾಗುವುದು ನಿಜ. ಆದರೆ ಗೋವಾದ ಹೊಳೆಯಂಚುಗಳಲ್ಲಿ ಎಲ್ಲ ಹಸಿರೂ ಒಂದೇ ಜಾತಿಯದಲ್ಲ. ಕೆಲವು ಕಾಂಡ್ಲಾ ಸೋತ ಗದ್ದೆಯ ಗುರುತು.

ಹೊರಗಿನ ಪೆಟ್ಟುಗಳೂ ಕಡಿಮೆಯಿಲ್ಲ. ಗಣಿಗಳಿಂದ ಮುರಗಾಂವ ಬಂದರಿಗೆ ಕಬ್ಬಿಣದ ಅದಿರು ಹೊತ್ತ ಬಾರ್ಜುಗಳು ದಶಕಗಟ್ಟಲೆ ಮಾಂಡವಿ, ಜುವಾರಿಗಳಲ್ಲಿ ಓಡಾಡಿದವು. ಅವುಗಳ ಅಲೆ ಬಾಂದಿನ ಬುಡ ತಿಂದಿತು, ಅದಿರಿನ ಹೂಳು ಗದ್ದೆಗೆ ಇಳಿಯಿತು. ಕೊಂಕಣ ರೈಲ್ವೆ ಬಂದಾಗ ಅದರ ದಾರಿ ಖಾಜನಗಳ ಮೇಲೆ ಹಾಯುತ್ತದೆಂದು 1990ರ ದಶಕದ ಮೊದಲಲ್ಲಿ ದೊಡ್ಡ ಗಲಾಟೆಯೇ ಆಯಿತು. ನಾವು ಕಿಟಕಿಯಿಂದ ಖಾಜನ ನೋಡಿ ಮೆಚ್ಚುವುದು ಅದನ್ನು ಸೀಳಿದ ದಿಬ್ಬದ ಮೇಲೆ ಕೂತು.

ಮಾಂಡವಿ ಎಂದರೆ ನಮ್ಮ ಮಹದಾಯಿ, ಖಾನಾಪುರದ ಭೀಮಗಡದಲ್ಲಿ ಹುಟ್ಟಿದವಳು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಕುಡಿಯುವ ನೀರಿಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತದ್ದು ನಮಗೆ ಗೊತ್ತು; ಗೋವಾದವರ ವಿರೋಧ ನಮಗೆ ಬರೀ ರಾಜಕೀಯವಾಗಿ ಕೇಳಿಸುತ್ತದೆ. ರಾಜಕೀಯ ಇದೆ. ಜೊತೆಗೆ ಮೇಲಿನಿಂದ ಸಿಹಿನೀರಿನ ಒತ್ತು ಕಡಿಮೆಯಾದರೆ ಕೆಳಗಿನಿಂದ ಉಪ್ಪು ಇನ್ನಷ್ಟು ಮೇಲಕ್ಕೆ ಏರುತ್ತದೆ ಎಂಬ ಭಯವೂ ಇದೆ. ಖಾಜನದ ಬಾಂದ್ ಮೇಲೆ ನಿಂತವನಿಗೆ ಆ ಭಯ ಅರ್ಥವಾಗುತ್ತದೆ, ನರಗುಂದದಲ್ಲಿ ನಿಂತವನಿಗೆ ಆಗಲಿಕ್ಕಿಲ್ಲ. ಇದರಲ್ಲಿ ಯಾರು ಸರಿ ಎಂದು ಹೇಳುವ ಧೈರ್ಯ ನನಗಿಲ್ಲ.

ನಮ್ಮದೇ ಅಘನಾಶಿನಿಯಲ್ಲಿ ಇದರ ಅವಳಿ ಕಥೆ ಇದೆ. ಕುಮಟಾ ಕಡೆಯ ಗಜನಿ ಎಂದರೆ ಖಾಜನದ ತಮ್ಮನೇ. ಹೆಸರು ಕೇಳಿದರೂ ಸಾಕು. ಕೊರ್ಗುಟ್ಟಿನ ಜಾಗದಲ್ಲಿ ಕಗ್ಗ ಭತ್ತ. ಊರವರು ಸೇರಿ ವರ್ಷವರ್ಷ ಮಣ್ಣು ಹಾಕುತ್ತಿದ್ದ ಕಟ್ಟೆಗಳ ಜಾಗದಲ್ಲಿ ಎಪ್ಪತ್ತರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯ ಗಟ್ಟಿ ಕಟ್ಟೆ ಕಟ್ಟಿಕೊಟ್ಟಿತು. ಕಟ್ಟೆ ಸರ್ಕಾರದ್ದಾಯಿತು, ಊರು ಕೈಕಟ್ಟಿ ಕೂತಿತು, ಆಮೇಲೆ ಸಿಗಡಿ ಬಂತು, ಕಗ್ಗ ಹೋಯಿತು. ಮಾಣಿಕಟ್ಟಾದಂಥ ಕೆಲವು ಕಡೆ ಅದನ್ನು ಮತ್ತೆ ಬೆಳೆಯುವ ಹಟ ಉಳಿದಿದೆ. ಪೋರ್ಚುಗೀಸರು, ಸಂಹಿತೆ, ಕೊಮುನಿದಾದ್ ಒಂದೂ ಇಲ್ಲದೆ ಅದೇ ಗತಿ ಬಂತೆಂದರೆ, ದೋಷವನ್ನೆಲ್ಲ ಲಿಸ್ಬನ್ನಿನ ತಲೆಗೆ ಕಟ್ಟುವುದು ಸುಲಭವಲ್ಲ.

ಇಷ್ಟರಲ್ಲಿ ಗೋವಾದ ನೆಲಕ್ಕೆ ಭತ್ತವನ್ನೂ ಮೀನನ್ನೂ ಮೀರಿದ ಇನ್ನೊಂದು ಬೆಲೆ ಬಂದಿತ್ತು. 1987ರ ಮೇ 30ರಂದು ಗೋವಾ ರಾಜ್ಯವಾಯಿತು. ಅದಾಗಿ ಇಪ್ಪತ್ತು ವರ್ಷದೊಳಗೆ ದೆಹಲಿ, ಮುಂಬೈಯವರಿಗೆ ಅಲ್ಲೊಂದು ಎರಡನೇ ಮನೆ ಬೇಕಾಯಿತು. 2006ರಲ್ಲಿ ಹೊರಬಂದ ಪ್ರಾದೇಶಿಕ ಯೋಜನೆ 2011 ಹಸಿರು ಬಯಲು, ಗುಡ್ಡಗಳಿಗೆ ಕಟ್ಟಡದ ಬಣ್ಣ ಬಳಿದಿದೆ ಎಂದು ಜನ ಗೋವಾ ಬಚಾವೊ ಅಭಿಯಾನದಡಿ ಬೀದಿಗಿಳಿದರು. ಮರುವರ್ಷ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. 2011ರ ಕರಾವಳಿ ನಿಯಂತ್ರಣ ಅಧಿಸೂಚನೆಯಲ್ಲಿ ಖಾಜನಗಳನ್ನು ಗುರುತಿಸಿ ಕಾಪಾಡಬೇಕೆಂಬ ಮಾತು ಗೋವಾಕ್ಕಾಗಿಯೇ ಸೇರಿತು. ಇಡೀ ಯೋಜನೆಯನ್ನು ಒಮ್ಮೆಗೇ ಬದಲಿಸುವುದು ಕಷ್ಟವೆಂದಾದ ಮೇಲೆ ಸರ್ವೆ ನಂಬರು ಒಂದೊಂದಾಗಿ ಬದಲಿಸುವ ಕಲಮುಗಳು ನಗರ ಯೋಜನೆ ಕಾಯ್ದೆಗೆ ಬಂದವು, ಅವುಗಳ ಮೇಲಿನ ವ್ಯಾಜ್ಯಗಳು ಹೈಕೋರ್ಟಿಗೆ ಹೋದವು.

ಕೊಮುನಿದಾದಿಗೆ ಗದ್ದೆಯ ಹಕ್ಕು ಹೋದರೂ ಗುಡ್ಡ, ದಿಣ್ಣೆ, ಪಾಳು ಜಾಗ ಉಳಿದಿತ್ತು. ಅಲ್ಲಿ ಮನೆಗಳೆದ್ದವು. ಈ ಮನೆಗಳ ವಿಷಯ ಬಂದಾಗ ಕನ್ನಡಿಗರು ಕಥೆಯೊಳಗೆ ಬರುತ್ತಾರೆ. ವಿಜಯಪುರ, ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ಗಾರೆ ಕೆಲಸಕ್ಕೆ, ಬಂದರಿನ ಕೂಲಿಗೆ, ಮನೆಗೆಲಸಕ್ಕೆ ಬಂದವರು. 2011ರ ಜನಗಣತಿಯಂತೆ ಗೋವಾದಲ್ಲಿ ನೂರಕ್ಕೆ ನಾಲ್ವರಿಗಿಂತ ಹೆಚ್ಚು ಜನರ ತಾಯಿನುಡಿ ಕನ್ನಡ. ಘಟ್ಟದ ಆಚೆಯವರೆಂದು ಅವರನ್ನು ಘಾಟಿ ಎಂದು ಕರೆಯುವುದುಂಟು, ಪ್ರೀತಿಯಿಂದ ಅಲ್ಲ. ವಾಸ್ಕೋದ ಬೈನಾ ಕಡಲತೀರದಲ್ಲಿ ಅವರ ಗುಡಿಸಲುಗಳ ಮೇಲೆ ಜೆಸಿಬಿ ಹರಿದಾಗ ಬೆಂಗಳೂರಿನಲ್ಲಿ ಖಂಡನೆ, ಪಣಜಿಯಲ್ಲಿ ಸಮರ್ಥನೆ. ಆದರೆ ಕೊಮುನಿದಾದ್ ನೆಲದಲ್ಲಿ ಅಕ್ರಮವಾಗಿ ಮನೆ ಕಟ್ಟಿದವರು ಘಾಟಿಗಳು ಮಾತ್ರ ಎನ್ನುವುದು ಅನುಕೂಲದ ಸುಳ್ಳು. ಜಾಗವಿಲ್ಲದ ಗೋವನ್ನರೂ, ಜಾಗವಿದ್ದ ಗೋವನ್ನರೂ ಕಟ್ಟಿದ್ದಾರೆ.

2025ರಲ್ಲಿ ವಿಧಾನಸಭೆ ಅದೇ 1961ರ ಪೋರ್ಚುಗೀಸ್ ಸಂಹಿತೆಗೆ ತಿದ್ದುಪಡಿ ತಂದು, 2014ರ ಫೆಬ್ರವರಿಗೆ ಮೊದಲು ಕೊಮುನಿದಾದ್ ನೆಲದಲ್ಲಿ ಎದ್ದ ಮನೆಗಳನ್ನು ಷರತ್ತುಗಳ ಮೇಲೆ ಸಕ್ರಮ ಮಾಡುವ ದಾರಿ ತೆರೆಯಿತು. ಕೊಮುನಿದಾದ್‌ಗಳು ಸಿಟ್ಟಾದವು: ನಮ್ಮ ನೆಲ ಹಂಚಲು ನೀವು ಯಾರು? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳಬೇಕಾದ ಗಾಂವಕಾರರಲ್ಲಿ ಅನೇಕರು ಈಗ ಊರಲ್ಲಿಲ್ಲ. ಹಿರಿಯರು ಪೋರ್ಚುಗಲ್ಲಿನ ಆಳ್ವಿಕೆಯಲ್ಲಿ ಹುಟ್ಟಿದವರೆಂಬ ಕಾಗದ ಹಿಡಿದು ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ ಗೋದಾಮಿನ ಕೆಲಸಕ್ಕೆ ಸೇರಿದವರು ಸಾವಿರಾರು. ಜೋಣ್ ಅವರ ಹೆಸರಿಗೆ ಬರುತ್ತದೆ. ಅವರ ಊರಿನ ಮನೆಗೆ ಸುಣ್ಣ ಬಳಿಯುವವನು, ತೋಟದ ಕಾಯಿ ಇಳಿಸುವವನು, ಮಳೆಗಾಲಕ್ಕೆ ಮೊದಲು ಬಾಂದಿನ ಮೇಲೆ ಬುಟ್ಟಿ ಮಣ್ಣು ಹಾಕಲು ದಿನಗೂಲಿಗೆ ಸಿಕ್ಕರೆ ಸಿಗುವವನು ಘಟ್ಟದ ಆಚೆಯಿಂದ ಬಂದ ಆಳು. ಅವನ ಮನೆ ಸಕ್ರಮವೋ ಅಕ್ರಮವೋ ಎಂಬ ಕಡತ ಈಗ ಆಡಳಿತಾಧಿಕಾರಿಯ ಮೇಜಿನ ಮೇಲಿದೆ.